ಮೋಟರು ಸುಟ್ಟದ್ದು ಯಾರ ತಪ್ಪಿಗೆ?



ಕಳೆದ ಬೇಸಿಗೆಯಲ್ಲಿ ನನ್ನ ಬೋರಿನ ಮೋಟರು ಸುಟ್ಟಿತು. ಐದು ವರ್ಷದಲ್ಲಿ ಇದು ಮೂರನೇ ಸಾರಿ. ಪೈಪು ಎತ್ತುವ ಕೂಲಿ, ಪೇಟೆಗೆ ಸಾಗಿಸುವ ಬಾಡಿಗೆ, ವೈಂಡಿಂಗ್ ಮಾಡುವವನ ಬಿಲ್ಲು, ಮತ್ತೆ ಇಳಿಸುವ ಕೂಲಿ, ಎಲ್ಲಾ ಸೇರಿ ಹದಿನಾಲ್ಕು ಸಾವಿರ ಆಯಿತು. ಕೈಯಲ್ಲಿ ಇರಲಿಲ್ಲ. ಸೊಸೈಟಿಯಲ್ಲಿ ಸಾಲ ತೆಗೆದಾಗಿತ್ತು. ಊರಲ್ಲೇ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದೆ. ಮೋಟರು ಮತ್ತೆ ಬೋರಿಗೆ ಇಳಿಯುವ ಹೊತ್ತಿಗೆ ಹನ್ನೊಂದು ದಿನ. ಅಷ್ಟರಲ್ಲಿ ಅರ್ಧ ಎಕರೆ ಟೊಮೆಟೊ ಒಣಗಿ ಹೋಯಿತು.

ಪೇಟೆಯಲ್ಲಿ ಜನ ಏನಂತಾರೆ? "ರೈತರಿಗೇನ್ರೀ, ಕರೆಂಟು ಪುಕ್ಕಟೆ" ಅಂತಾರೆ. 2008ರಿಂದ ನಮ್ಮ ರಾಜ್ಯದಲ್ಲಿ 10 ಹೆಚ್.ಪಿ. ತನಕದ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ ಅನ್ನುವುದು ನಿಜ. ಆದರೆ ಆ ಹದಿನಾಲ್ಕು ಸಾವಿರ ಯಾವ ಬಿಲ್ಲು? ಅದರ ಬಡ್ಡಿ ಯಾವ ಬಿಲ್ಲು? ಒಣಗಿದ ಟೊಮೆಟೊ ಯಾವ ಬಿಲ್ಲು? ಮೀಟರಿನಲ್ಲಿ ಬರದ ಬಿಲ್ಲನ್ನು ನಾವು ವೈಂಡಿಂಗ್ ಅಂಗಡಿಯಲ್ಲಿ ಕಟ್ಟುತ್ತಿದ್ದೇವೆ. ನಮ್ಮ ತಾಲ್ಲೂಕಿನ ಪೇಟೆಯಲ್ಲಿ ಗೊಬ್ಬರದ ಅಂಗಡಿಗಿಂತ ವೈಂಡಿಂಗ್ ಅಂಗಡಿ ಜಾಸ್ತಿ ಆಗಿವೆ. ಯಾರ ದುಡ್ಡಿನಲ್ಲಿ ಬೆಳೆದವು ಅಂತ ಕೇಳಬೇಕಾಗಿಲ್ಲ.

ಮೋಟರು ಯಾಕೆ ಸುಡುತ್ತದೆ ಅಂತ ನಾನು ಮೂವರನ್ನು ಕೇಳಿದೆ. ಲೈನ್‌ಮನ್ ಹೇಳಿದ, "ಯಜಮಾನ್ರೇ, ನಿಮ್ ಟಿಸಿ ಮೇಲೆ ಲೋಡು ಜಾಸ್ತಿ. ಪುಸ್ತಕದಲ್ಲಿ ಹತ್ತು ಮೋಟರು, ಕಂಬದಲ್ಲಿ ಹನ್ನೆರಡು." ಅದು ಸುಳ್ಳಲ್ಲ. ಪಕ್ಕದ ತೋಟದ ಅಣ್ಣ ಹೇಳಿದರು, "ಎಲ್ಲಾ ಕಂಪನಿಯೋರ ಕಳ್ಳಾಟ, ವೋಲ್ಟೇಜೇ ಕೊಡಲ್ಲ." ಅದೂ ಸುಳ್ಳಲ್ಲ. ಸೆಕ್ಷನ್ ಆಫೀಸಿನ ಇಂಜಿನಿಯರು ಮಾತ್ರ ಬೇರೆ ಮಾತು ಹೇಳಿದರು: "ನಿಮ್ಮಲ್ಲಿ ಒಬ್ಬರೂ ಕೆಪಾಸಿಟರ್ ಹಾಕಿಲ್ಲ. ರಿಯಾಕ್ಟಿವ್ ಪವರ್ ಎಲ್ಲಾ ಲೈನಿಂದಲೇ ಎಳೀತೀರ. ವೋಲ್ಟೇಜ್ ಎಲ್ಲಿಂದ ಬರಬೇಕು?" ನನಗೆ ಅರ್ಥವಾಗಲಿಲ್ಲ. ಅರ್ಥವಾಗದ ಮಾತು ಹೇಳಿ ರೈತನನ್ನು ವಾಪಸ್ಸು ಕಳಿಸುವುದು ಕಚೇರಿಗಳ ಹಳೇ ಅಭ್ಯಾಸ ಅಂತ ಅವತ್ತು ಸಿಟ್ಟಾಗಿ ಬಂದೆ. ಆಮೇಲೆ ಕೂತು ತಿಳಿದುಕೊಂಡೆ. ಆ ಮನುಷ್ಯ ಹೇಳಿದ್ದು ಅರ್ಧ ಸತ್ಯ. ಆ ಅರ್ಧ ನಮಗೂ ಗೊತ್ತಿರಬೇಕು. ಉಳಿದ ಅರ್ಧವನ್ನು ನಾವು ಅವರಿಗೆ ಹೇಳಬೇಕು. ಅದಕ್ಕೇ ಈ ಲೇಖನ.

ರಿಯಾಕ್ಟಿವ್ ಪವರ್ ಅಂದರೇನು?

ನಮ್ಮ ಮೋಟರಿನ ಒಳಗೆ ತಾಮ್ರದ ಸುರುಳಿ ಇದೆ. ಅದು ತಿರುಗಬೇಕಾದರೆ ಮೊದಲು ಒಳಗೆ ಅಯಸ್ಕಾಂತ ಏಳಬೇಕು. ಆ ಅಯಸ್ಕಾಂತ ಎಬ್ಬಿಸುವುದಕ್ಕೆ ಒಂದಷ್ಟು ವಿದ್ಯುತ್ತು ಮೋಟರಿಗೆ ಬರುತ್ತದೆ, ಮರುಕ್ಷಣವೇ ವಾಪಸ್ಸು ಲೈನಿಗೆ ಹೋಗುತ್ತದೆ. ಹೀಗೆ ಸೆಕೆಂಡಿಗೆ ನೂರು ಸಾರಿ ಬರುತ್ತದೆ, ಹೋಗುತ್ತದೆ. ಅದು ನೀರೆತ್ತುವುದಿಲ್ಲ, ಖರ್ಚೂ ಆಗುವುದಿಲ್ಲ. ಆದರೆ ಅದಿಲ್ಲದೆ ಮೋಟರು ತಿರುಗುವುದಿಲ್ಲ. ಇದೇ ರಿಯಾಕ್ಟಿವ್ ಪವರ್.

ಊರಲ್ಲಿ ಮದುವೆ ಆಗುತ್ತದೆ ಅಂತ ಇಟ್ಟುಕೊಳ್ಳಿ. ಅಕ್ಕಿ ಬೇಕು, ಬೇಳೆ ಬೇಕು, ಅದು ಊಟಕ್ಕೆ ಖರ್ಚಾಗುವುದು. ಕೊಪ್ಪರಿಗೆ, ಹಂಡೆ, ಬಕೆಟ್ಟು, ಸೌಟು ಕೂಡ ಬೇಕು. ಅದನ್ನು ಯಾರೂ ತಿನ್ನುವುದಿಲ್ಲ, ಮದುವೆ ಮುಗಿದ ಮೇಲೆ ವಾಪಸ್ಸು ಕೊಡುತ್ತೇವೆ. ಆದರೆ ಪಾತ್ರೆಯನ್ನು ತಾಲ್ಲೂಕು ಪೇಟೆಯಿಂದ ಬಾಡಿಗೆಗೆ ತಂದರೆ ಗಾಡಿಯ ಅರ್ಧ ಜಾಗ ಅದೇ ತಿನ್ನುತ್ತದೆ. ಅಕ್ಕಿಗೆ ಜಾಗ ಸಾಲುವುದಿಲ್ಲ. ಎತ್ತುಗಳಿಗೆ ಭಾರ, ದಾರಿಗೆ ಸವೆತ. ಅದೇ ಪಾತ್ರೆ ಊರ ದೇವಸ್ಥಾನದ ಉಗ್ರಾಣದಲ್ಲೇ ಇದ್ದರೆ? ಗಾಡಿಯಲ್ಲಿ ಬರೀ ಅಕ್ಕಿ ಬೇಳೆ ತರಬಹುದು.

ಆ ಊರ ಪಾತ್ರೆಯೇ ಕೆಪಾಸಿಟರ್. ಮೋಟರಿನ ಪಕ್ಕದಲ್ಲೇ ಕೂತು, ಅಯಸ್ಕಾಂತಕ್ಕೆ ಬೇಕಾದ ವಿದ್ಯುತ್ತನ್ನು ಅದು ಕೊಡುತ್ತದೆ, ಅದೇ ವಾಪಸ್ಸು ತೆಗೆದುಕೊಳ್ಳುತ್ತದೆ. ಸಬ್‌ಸ್ಟೇಷನ್ನಿಂದ ಅಷ್ಟು ದೂರ ಅದು ಓಡಾಡಬೇಕಾಗಿಲ್ಲ.

ಲೆಕ್ಕ ಹಾಕಿ ನೋಡೋಣ

ಬಾಯಿಮಾತು ಬೇಡ, ಲೆಕ್ಕ ಹಾಕೋಣ. 5 ಹೆಚ್.ಪಿ. ಮೋಟರು ಪೂರ್ತಿ ಕೆಲಸ ಮಾಡುತ್ತಿದೆ ಅನ್ನಿ. ಮೋಟರಿನ ದಕ್ಷತೆ ನೂರಕ್ಕೆ ಎಂಬತ್ತು ಅಂತ ಹಿಡಿದರೆ ಅದು ನಿಜವಾಗಿ ತೆಗೆದುಕೊಳ್ಳುವುದು 4.66 ಕಿಲೋವ್ಯಾಟ್. ಇದು ಅಕ್ಕಿ ಬೇಳೆ. ಪವರ್ ಫ್ಯಾಕ್ಟರ್ 0.75 ಇದ್ದರೆ ಅದರ ಜೊತೆ 4.1 ಕೆ.ವಿ.ಎ.ಆರ್. ರಿಯಾಕ್ಟಿವ್ ಪವರ್ ಬರುತ್ತದೆ. ಇದು ಪಾತ್ರೆ. ಎರಡೂ ಸೇರಿ ಲೈನಿನ ಮೇಲೆ ಬೀಳುವ ಭಾರ 6.2 ಕೆ.ವಿ.ಎ. 415 ವೋಲ್ಟಿನಲ್ಲಿ ಒಂದೊಂದು ತಂತಿಯಲ್ಲಿ 8.6 ಆಂಪಿಯರ್.

ಈಗ ಮೋಟರಿಗೆ 2 ಕೆ.ವಿ.ಎ.ಆರ್. ಕೆಪಾಸಿಟರ್ ಹಾಕಿ. ಲೈನಿನಿಂದ ಬರಬೇಕಾದ ಪಾತ್ರೆ 2.1ಕ್ಕೆ ಇಳಿಯಿತು. ಒಟ್ಟು ಭಾರ 5.1 ಕೆ.ವಿ.ಎ., ಕರೆಂಟು 7.1 ಆಂಪಿಯರ್. ಪವರ್ ಫ್ಯಾಕ್ಟರ್ 0.91. ನೀರು ಅಷ್ಟೇ, ಕೆಲಸ ಅಷ್ಟೇ, ತಂತಿಯ ಭಾರ ಮಾತ್ರ ಕಡಿಮೆ. ತಂತಿ ಬಿಸಿಯಾಗಿ ಪೋಲಾಗುವ ವಿದ್ಯುತ್ತು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಆ ಪೋಲು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ.

ಇದನ್ನೇ ನಮ್ಮ ಟಿಸಿಗೆ ಹಾಕಿ ನೋಡಿದೆ. ಟಿಸಿ 63 ಕೆ.ವಿ.ಎ. ಹನ್ನೆರಡು ಮೋಟರು, ಎಲ್ಲಾ 5 ಹೆಚ್.ಪಿ. ಮೂರು ಫೇಸ್ ಬರುವುದು ಕೆಲವೇ ಗಂಟೆ, ಹಾಗಾಗಿ ಎಲ್ಲರೂ ಒಟ್ಟಿಗೇ ಹಾಕುತ್ತೇವೆ. ಕೆಪಾಸಿಟರ್ ಇಲ್ಲದೆ ಹನ್ನೆರಡು ಸಾರಿ 6.2 ಅಂದರೆ 74. ಟಿಸಿ ತಡೆಯುವುದು 63. ಸುಡದೆ ಏನು ಮಾಡೀತು? ಕೆಪಾಸಿಟರ್ ಹಾಕಿದರೆ ಹನ್ನೆರಡು ಸಾರಿ 5.1, ಅಂದರೆ 61. ಅದೇ ಟಿಸಿ, ಅದೇ ಮೋಟರು, ಮಿತಿಯೊಳಗೆ ಬಂತು.

ವೋಲ್ಟೇಜಿನ ಕಥೆಯೂ ಇದೇ. ತಂತಿಯಲ್ಲಿ ಕರೆಂಟು ಜಾಸ್ತಿ ಹರಿದಷ್ಟೂ ದಾರಿಯಲ್ಲಿ ವೋಲ್ಟೇಜ್ ಬೀಳುತ್ತದೆ. ಲೈನಿನ ಕೊನೆಯಲ್ಲಿರುವವನಿಗೆ ಉಳಿಯುವುದು ಸಪ್ಪೆ ಕರೆಂಟು. ನನ್ನ ಸ್ಟಾರ್ಟರಿನ ಹತ್ತಿರ ಅಳೆದಾಗ 345 ವೋಲ್ಟ್ ಇತ್ತು. ಮೋಟರಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 415 ಇರಬೇಕಾದ ಕಡೆ 345 ಇದ್ದರೆ ಬಲ ನೂರಕ್ಕೆ ಅರವತ್ತೊಂಬತ್ತು ಅಷ್ಟೇ. ಆದರೆ ಬೋರಿನ ಆಳ ಕಡಿಮೆ ಆಗುವುದಿಲ್ಲವಲ್ಲ! ಅದೇ ನೀರಿನ ಕಂಬ ಎತ್ತಬೇಕು. ಮೋಟರು ಏದುಸಿರು ಬಿಟ್ಟುಕೊಂಡು ಇನ್ನೂ ಜಾಸ್ತಿ ಕರೆಂಟು ಎಳೆಯುತ್ತದೆ. ಜಾಸ್ತಿ ಎಳೆದರೆ ವೋಲ್ಟೇಜ್ ಇನ್ನೂ ಬೀಳುತ್ತದೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಸುರುಳಿ ಕರಗುತ್ತದೆ. ಬಡ್ಡಿ ಕಟ್ಟುವುದಕ್ಕೆ ಸಾಲ ಮಾಡಿ, ಆ ಸಾಲದ ಬಡ್ಡಿಗೆ ಮತ್ತೆ ಸಾಲ ಮಾಡಿ ಮುಳುಗಿದವರನ್ನು ನಾವು ನೋಡಿಲ್ಲವೇ? ಮೋಟರಿನ ಪಾಡೂ ಅದೇ.

ಎರಡು ತರದ ಕಂಡೆನ್ಸರ್

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. "ಕಂಡೆನ್ಸರ್ ನಮಗೆ ಗೊತ್ತಿಲ್ವಾ, ನಮ್ಮನೇಲೇ ಇದೆ" ಅಂತ ಎಷ್ಟೋ ಜನ ಹೇಳುತ್ತಾರೆ. ಅವರು ಹೇಳುವುದು ಬೇರೆ. ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ, ಎರಡೇ ಫೇಸ್ ಇದ್ದಾಗ ಮೋಟರು ಓಡಿಸುವುದಕ್ಕೆ ಕಳ್ಳದಾರಿಯಲ್ಲಿ ಹಾಕುವ ಕಂಡೆನ್ಸರ್ ಅದು. ಅದರಿಂದ ಮೋಟರು ತಿರುಗುತ್ತದೆ, ಆದರೆ ಮೂರು ಸುರುಳಿಗೂ ಸಮನಾಗಿ ಕರೆಂಟು ಹೋಗುವುದಿಲ್ಲ. ಒಂದು ಸುರುಳಿ ಕಾದು ಕೂರುತ್ತದೆ. ಟಿಸಿಯ ಮೇಲೂ ಒಂದೇ ಕಡೆ ಭಾರ ಬೀಳುತ್ತದೆ. ನಾನೂ ಹಾಕಿದ್ದೆ. ಬೆಳೆ ಒಣಗುವಾಗ ಯಾರು ತಾನೇ ಹಾಕುವುದಿಲ್ಲ? ಕಂಪನಿಯವರು ಹೊತ್ತಿಗೆ ಸರಿಯಾಗಿ ಮೂರು ಫೇಸ್ ಕೊಟ್ಟಿದ್ದರೆ ಆ ಡಬ್ಬಿ ಯಾವ ರೈತನ ಮನೆಗೂ ಬರುತ್ತಿರಲಿಲ್ಲ. ಆದರೂ ನನ್ನ ಮೊದಲನೇ ಮೋಟರು ಸುಟ್ಟದ್ದು ಅದರಿಂದಲೇ ಅಂತ ಒಪ್ಪಿಕೊಳ್ಳುತ್ತೇನೆ.

ನಾನು ಹೇಳುತ್ತಿರುವ ಕೆಪಾಸಿಟರ್ ಮೂರು ಫೇಸಿನದು. ಮೂರು ತಂತಿಗೂ ಸೇರಿಸಿ ಮೋಟರಿನ ಜೊತೆಯಲ್ಲಿ ಕಟ್ಟುವಂಥದ್ದು. ಹೆಸರು ಒಂದೇ, ಕೆಲಸ ಬೇರೆ. ಒಂದು ಮೋಟರನ್ನು ಕೊಲ್ಲುತ್ತದೆ, ಒಂದು ಕಾಯುತ್ತದೆ.

ಇದ್ದ ಕೆಪಾಸಿಟರ್ ಎಲ್ಲಿ ಹೋಯಿತು?

ಹೊಸ ವಿಷಯವೇನಲ್ಲ ಇದು. ಪಂಪ್‌ಸೆಟ್ಟಿಗೆ ಲೈನ್ ಕೊಡುವಾಗ ಕೆಪಾಸಿಟರ್ ಇರಬೇಕು ಅನ್ನುವ ನಿಯಮ ಕೆ.ಇ.ಬಿ. ಕಾಲದಿಂದ ಇದೆ. ಲೈನ್ ಬರುವ ದಿನ ಎಲ್ಲರ ಗೋಡೆಯ ಮೇಲೂ ಒಂದು ಡಬ್ಬಿ ಇರುತ್ತಿತ್ತು. ಎಷ್ಟೋ ಕಡೆ ಒಂದೇ ಡಬ್ಬಿ ನಾಲ್ಕು ತೋಟ ತಿರುಗಿ ನಾಲ್ಕು ಜನಕ್ಕೂ ಲೈನ್ ಕೊಡಿಸಿದ ಉದಾಹರಣೆಯೂ ಉಂಟು! ನೋಡುವವರು ನೋಡಿ ಸಹಿ ಹಾಕಿದರು, ಮಾರನೇ ದಿನದಿಂದ ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ಅಗ್ಗದ ಮಾಲು ವರ್ಷದೊಳಗೆ ಉಬ್ಬಿ ಸತ್ತಿತು. ಸತ್ತದ್ದು ರೈತನಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅದು ಸತ್ತರೂ ಮೋಟರು ಓಡುತ್ತದೆ.

ಇನ್ನೊಂದು ಕಾರಣ ದುಡ್ಡಿನದು. ಕಾರ್ಖಾನೆಯವನ ಪವರ್ ಫ್ಯಾಕ್ಟರ್ ಇಳಿದರೆ ಅವನ ಬಿಲ್ಲಿನಲ್ಲಿ ದಂಡ ಬರುತ್ತದೆ. ಅವನು ಓಡಿ ಹೋಗಿ ಕೆಪಾಸಿಟರ್ ಹಾಕುತ್ತಾನೆ. ನಮಗೆ ಮೊದಲು ಹೆಚ್.ಪಿ. ಲೆಕ್ಕದ ದರ ಇತ್ತು, ಈಗ ದರವೇ ಇಲ್ಲ. ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಅನ್ನಿಸುತ್ತದೆ.

ಮೂರನೇ ಕಾರಣ ಎಲ್ಲಕ್ಕಿಂತ ದೊಡ್ಡದು. ಹನ್ನೆರಡು ಜನರಲ್ಲಿ ನಾನೊಬ್ಬನೇ ಹಾಕಿದರೆ ಟಿಸಿಯ ಭಾರ 74ರಿಂದ 73ಕ್ಕೆ ಇಳಿಯುತ್ತದೆ. ನನ್ನ ವೋಲ್ಟೇಜ್ ಏರಿದ್ದು ಮೀಟರಿಗೂ ಕಾಣುವುದಿಲ್ಲ. ದುಡ್ಡು ನನ್ನದು, ಲಾಭ ಹನ್ನೆರಡು ಜನಕ್ಕೆ ಹಂಚಿ ಹೋಗುತ್ತದೆ. ಮಿಕ್ಕ ಹನ್ನೊಂದು ಜನ ಹಾಕಿ ನಾನೊಬ್ಬ ಹಾಕದಿದ್ದರೆ ನನಗೆ ಪುಕ್ಕಟೆ ಲಾಭ. ಹೀಗೆ ಒಬ್ಬೊಬ್ಬನೂ ಯೋಚನೆ ಮಾಡಿದ್ದರಿಂದಲೇ ಯಾರೂ ಹಾಕಲಿಲ್ಲ, ಎಲ್ಲರ ಮೋಟರೂ ಸುಟ್ಟಿತು. ಕೆರೆ ಹೂಳು ಎತ್ತದೆ ಬಿಟ್ಟದ್ದೂ ನಾವೇ, ಹೀಗೇ ಯೋಚನೆ ಮಾಡಿ.

ನಾವು ಮಾಡಿ ನೋಡಿದ್ದು

ಕಳೆದ ಬೇಸಿಗೆಯ ನಂತರ ಹನ್ನೆರಡು ಜನರನ್ನೂ ಅರಳಿಕಟ್ಟೆಯ ಮೇಲೆ ಕೂರಿಸಿದೆವು. ಎರಡು ಸಾರಿ ಸೇರಿ ಜಗಳ ಆಡಿಯೇ ಎದ್ದೆವು. "ಕಂಪನಿಯೋರ ಲೈನು ಉಳಿಸೋಕೆ ನಮ್ಮ ದುಡ್ಡು ಯಾಕೆ?" ಅಂತ ಒಬ್ಬರು. "ಮೊದಲು ಆ ಎರಡು ಅಕ್ರಮದ ಮೋಟರು ಕೀಳಿಸಿ" ಅಂತ ಇನ್ನೊಬ್ಬರು. ಆ ಎರಡರಲ್ಲಿ ಒಂದು ಹಾಗೆ ಹೇಳಿದವರ ಸ್ವಂತ ಭಾವಮೈದುನನದೇ. ಮೂರನೇ ಸಾರಿ ನಾನು ಒಂದೇ ಪ್ರಶ್ನೆ ಕೇಳಿದೆ: "ಮೂರು ವರ್ಷದಲ್ಲಿ ನೀವು ವೈಂಡಿಂಗಿಗೆ ಕೊಟ್ಟದ್ದೆಷ್ಟು, ಒಬ್ಬೊಬ್ಬರೇ ಹೇಳಿ." ಒಬ್ಬೊಬ್ಬರೇ ಹೇಳಿದರು. ಕೂಡಿದೆವು. ಆ ಮೊತ್ತ ಕೇಳಿ ಯಾರೂ ಮಾತಾಡಲಿಲ್ಲ. ಒಂದು ಕೆಪಾಸಿಟರಿನ ಬೆಲೆ ಒಂದು ಸಾರಿ ಮೋಟರು ಕಟ್ಟಿಸುವ ಖರ್ಚಿನ ಸಣ್ಣ ಪಾಲು.

ಹನ್ನೊಂದು ಜನ ಹಾಕಿದೆವು. ಒಬ್ಬರು ಹಾಕಲಿಲ್ಲ, ಈಗಲೂ ಹಾಕಿಲ್ಲ. ಒಂದು ಕೆಪಾಸಿಟರ್ ನಾಲ್ಕೇ ತಿಂಗಳಿಗೆ ಸತ್ತಿತು, ಬದಲಾಯಿಸಿದೆವು. ನನ್ನ ಸ್ಟಾರ್ಟರಿನಲ್ಲಿ 345 ಇದ್ದ ವೋಲ್ಟೇಜ್ 360ಕ್ಕೆ ಬಂತು. ಈ ಬೇಸಿಗೆಯಲ್ಲಿ ಆ ಟಿಸಿ ಮೇಲೆ ಒಂದು ಮೋಟರು ಸುಟ್ಟಿದೆ, ಹಿಂದಿನ ಬೇಸಿಗೆಯಲ್ಲಿ ಐದು ಸುಟ್ಟಿದ್ದವು. ಟಿಸಿ ಸುಟ್ಟಿಲ್ಲ. ಇಷ್ಟಕ್ಕೇ ಎಲ್ಲಾ ಸರಿಹೋಯಿತು ಅಂತ ನಾನು ಹೇಳುವುದಿಲ್ಲ.

ಈ 360 ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಉಳಿದ ಅರ್ಧ ಸತ್ಯ ಇಲ್ಲಿದೆ.

ಕಂಪನಿಯ ಪಾಲಿನ ತಪ್ಪು

1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ, 54ನೇ ನಿಯಮದಲ್ಲಿ, ನಮ್ಮಂಥ ಗ್ರಾಹಕರಿಗೆ ಕೊಡುವ ವೋಲ್ಟೇಜ್ ನೂರಕ್ಕೆ ಆರಕ್ಕಿಂತ ಹೆಚ್ಚು ಏರುಪೇರಾಗಬಾರದು ಅಂತ ಬರೆದಿತ್ತು. 415ಕ್ಕೆ ಆರು ಪರ್ಸೆಂಟ್ ಕಳೆದರೆ 390. ನಾವು ನಮ್ಮ ಕೈಯಿಂದ ದುಡ್ಡು ಹಾಕಿ, ನಮ್ಮ ಪಾಲಿನ ತಪ್ಪು ತಿದ್ದಿಕೊಂಡ ಮೇಲೂ ಬಂದದ್ದು 360. ಆ ಮೂವತ್ತು ವೋಲ್ಟು ಎಲ್ಲಿ? ಅದನ್ನು ತಿಂದವರು ಯಾರು?

ಉದ್ದುದ್ದ ಎಳೆದ ಎಲ್.ಟಿ. ಲೈನು ತಿಂದಿದೆ. ಸಣ್ಣ ತಂತಿ ತಿಂದಿದೆ. ಗಂಟು ಹಾಕಿ ಹಾಕಿ ಸೇರಿಸಿದ ಜಾಯಿಂಟುಗಳು ತಿಂದಿವೆ. ಒಂದೇ ಫೇಸಿಗೆ ಊರೆಲ್ಲಾ ಕಟ್ಟಿದ್ದು ತಿಂದಿದೆ. ಇದಕ್ಕೆ ಮದ್ದು ಇಲ್ಲದೆ ಇಲ್ಲ. ಒಂದು ದೊಡ್ಡ ಟಿಸಿಯಿಂದ ಕಿಲೋಮೀಟರುಗಟ್ಟಲೆ ಎಲ್.ಟಿ. ಎಳೆಯುವ ಬದಲು, 11 ಕೆ.ವಿ. ಲೈನನ್ನೇ ತೋಟದ ತನಕ ತಂದು, ಮೂರು ನಾಲ್ಕು ಪಂಪಿಗೊಂದು ಚಿಕ್ಕ ಟಿಸಿ ಇಡುವ ಪದ್ಧತಿ ಇದೆ. ಅದಕ್ಕೆ ಹೆಚ್.ವಿ.ಡಿ.ಎಸ್. ಅಂತಾರೆ. ಆಂಧ್ರದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. ಲೈನಿನಲ್ಲಿ ಬೀಳುವ ವೋಲ್ಟೇಜ್ ಉಳಿಯುತ್ತದೆ. ಟಿಸಿ ಮೂರು ನಾಲ್ಕು ಜನರದ್ದೇ ಆದ್ದರಿಂದ ಅವರು ಅದನ್ನು ತಮ್ಮದು ಅಂತ ಕಾಯುತ್ತಾರೆ.

ಕಂಪನಿಯವರು "ನಾವು ಸಬ್‌ಸ್ಟೇಷನ್ನಿನಲ್ಲಿ ಕೆಪಾಸಿಟರ್ ಬ್ಯಾಂಕ್ ಹಾಕಿದ್ದೇವೆ" ಅನ್ನುತ್ತಾರೆ. ಹಾಕಲಿ, ಒಳ್ಳೆಯದೇ. ಆದರೆ ಪಾತ್ರೆಯನ್ನು ಹೋಬಳಿಯಲ್ಲಿ ಇಟ್ಟರೆ ಹೋಬಳಿಯ ತನಕದ ಗಾಡಿ ಹಗುರ. ಹೋಬಳಿಯಿಂದ ನಮ್ಮ ಹಟ್ಟಿಗೆ ಬರುವ ಗಾಡಿ ಹಗುರವಾಗುವುದಿಲ್ಲ. ಸಬ್‌ಸ್ಟೇಷನ್ ಬ್ಯಾಂಕಿನಿಂದ ಮೇಲಿನ ಲೈನಿಗೆ ಲಾಭ, ಕೆಳಗಿನ ಲೈನಿಗೆ ಇಲ್ಲ. ಮೋಟರಿನ ಹತ್ತಿರ ಹಾಕಿದರೆ ಮೋಟರಿನಿಂದ ವಿದ್ಯುತ್ ಕೇಂದ್ರದ ತನಕ ಎಲ್ಲಾ ತಂತಿಗೂ ಲಾಭ.

ಮೇಲಿನವರಿಗೆ ಇದರ ಬೆಲೆ ಗೊತ್ತಿಲ್ಲದೆ ಇಲ್ಲ. ರಾಜ್ಯಗಳು ಗ್ರಿಡ್ಡಿನಿಂದ ರಿಯಾಕ್ಟಿವ್ ಪವರ್ ಎಳೆದರೆ ದುಡ್ಡು ಕಟ್ಟಬೇಕು. ವೋಲ್ಟೇಜ್ 97 ಪರ್ಸೆಂಟಿಗಿಂತ ಕೆಳಗೆ ಇದ್ದಾಗ ಎಳೆದವರು ಕಟ್ಟಬೇಕು, ಕೊಟ್ಟವರಿಗೆ ಸಿಗಬೇಕು. 2010ರ ಗ್ರಿಡ್ ಸಂಹಿತೆಯಲ್ಲಿ ಅದರ ದರ ಒಂದು ಕೆ.ವಿ.ಎ.ಆರ್. ಗಂಟೆಗೆ 10 ಪೈಸೆ ಅಂತ ಶುರುವಾಯಿತು. ಗಮನಿಸಿ. ರಾಜ್ಯ ರಾಜ್ಯದ ನಡುವೆ ಇದಕ್ಕೆ ಬೆಲೆ ಇದೆ. ಗ್ರಿಡ್ಡಿಗೆ ರಿಯಾಕ್ಟಿವ್ ಕೊಟ್ಟ ರಾಜ್ಯಕ್ಕೆ ದುಡ್ಡು ಸಿಗುತ್ತದೆ. ಕೆಪಾಸಿಟರ್ ಹಾಕಿ ಲೈನ್ ಉಳಿಸಿದ ರೈತನಿಗೆ ಏನು ಸಿಗುತ್ತದೆ? ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಇನ್ನೂ ಒಂದು ಅನ್ಯಾಯ ಇದೆ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಮೇಲೆ ಪಂಪ್‌ಸೆಟ್ ಇವೆ. ಬಹುಪಾಲಿಗೆ ಮೀಟರ್ ಇಲ್ಲ. ಹಾಗಾಗಿ ನಾವು ಬಳಸಿದ್ದೆಷ್ಟು ಅನ್ನುವುದು ಅಂದಾಜಿನ ಲೆಕ್ಕ. ಲೈನಿನಲ್ಲಿ ಬಿಸಿಯಾಗಿ ಹೋದ ವಿದ್ಯುತ್ತು, ಬೇರೆ ಕಡೆ ಕದ್ದ ವಿದ್ಯುತ್ತು, ಇದೆಲ್ಲ ಆ ಅಂದಾಜಿನ ಹೊಟ್ಟೆಯೊಳಗೆ ಸೇರಿಸುವುದು ಸುಲಭ. ಆಮೇಲೆ "ರೈತರ ಸಬ್ಸಿಡಿ ಸಾವಿರಾರು ಕೋಟಿ" ಅಂತ ಪೇಪರಿನಲ್ಲಿ ಬರುತ್ತದೆ. ನಮ್ಮ ಬೋರಿಗೆ ಬಾರದೆ ತಂತಿಯಲ್ಲೇ ಸುಟ್ಟುಹೋದ ಕರೆಂಟಿಗೂ ನಮ್ಮ ಹೆಸರೇ. ಆ ಸುಡುವಿಕೆ ಕಡಿಮೆ ಮಾಡುವ ಡಬ್ಬಿಯನ್ನು ತೋಟ ತೋಟಕ್ಕೆ ಹಾಕಿಸಿ ನೋಡಿಕೊಳ್ಳುವುದಕ್ಕೆ ಮಾತ್ರ ಯಾರಿಗೂ ಪುರಸೊತ್ತಿಲ್ಲ.

ಎರಡು ಆಕ್ಷೇಪಣೆ

"ನಾವು ಕೆಪಾಸಿಟರ್ ಹಾಕಿದರೆ ನಾಳೆ ಅದನ್ನೇ ಷರತ್ತು ಮಾಡಿ, ಹಾಕದವರಿಗೆ ಪುಕ್ಕಟೆ ಕರೆಂಟು ಇಲ್ಲ ಅಂತಾರೆ" ಅನ್ನುವ ಭಯ ಕೆಲವರಿಗೆ ಇದೆ. ಭಯಕ್ಕೆ ಕಾರಣ ಇದೆ. ಆಂಧ್ರದಲ್ಲಿ 2004ರಲ್ಲಿ ಉಚಿತ ವಿದ್ಯುತ್ ಕೊಟ್ಟರು. ಆಮೇಲೆ ಕೆಪಾಸಿಟರ್, ಐ.ಎಸ್.ಐ. ಪಂಪು, ಸಲೀಸಾಗಿ ನೀರು ಬಿಡುವ ಫುಟ್‌ವಾಲ್ವ್, ಪ್ಲಾಸ್ಟಿಕ್ ಪೈಪು ಇರಬೇಕು ಅಂತ ಷರತ್ತು ಹಾಕಿದರು. ನನ್ನ ಅಭಿಪ್ರಾಯ ಇದು: ಈ ನಾಲ್ಕೂ ಒಳ್ಳೆಯ ವಸ್ತುಗಳೇ. ಆದರೆ ಒಂದು ಕಡೆಗೆ ಮಾತ್ರ ಷರತ್ತು ಹಾಕುವುದು ಒಪ್ಪಂದ ಆಗುವುದಿಲ್ಲ, ಅಪ್ಪಣೆ ಆಗುತ್ತದೆ. ನಮಗೆ ಕೆಪಾಸಿಟರಿನ ಷರತ್ತು ಹಾಕುವವರು ತಮಗೆ 390 ವೋಲ್ಟಿನ ಷರತ್ತು ಹಾಕಿಕೊಳ್ಳಲಿ. ಅವರು ತಪ್ಪಿದ ದಿನ ಸುಟ್ಟ ಮೋಟರಿಗೆ ಅವರು ದುಡ್ಡು ಕೊಡಲಿ. ಆಗ ಸಹಿ ಹಾಕೋಣ.

ಎರಡನೇ ಮಾತು, "ಇನ್ನೇನು ಸೋಲಾರ್ ಬರುತ್ತೆ, ಇದೆಲ್ಲ ಯಾಕೆ?" ಅನ್ನುವುದು. 2019ರಿಂದ ಕುಸುಮ್ ಯೋಜನೆ ಇದೆ. ಪಂಪ್‌ಸೆಟ್ ಫೀಡರಿಗೆ ಸೋಲಾರ್ ಘಟಕ ಸೇರಿಸುವ ಕೆಲಸವೂ ಅದರಲ್ಲಿದೆ. ಹಗಲು ಕರೆಂಟು ಬಂದರೆ ಅದಕ್ಕಿಂತ ಸಂತೋಷ ಇಲ್ಲ. ರಾತ್ರಿ ಹಾವು ಚೇಳಿನ ನಡುವೆ ನೀರು ಕಟ್ಟುವುದು ತಪ್ಪುತ್ತದೆ. ಆದರೆ ಸಾಮಾನ್ಯವಾಗಿ ಸೋಲಾರ್ ಘಟಕ ಅಕ್ಕಿ ಬೇಳೆ ಮಾತ್ರ ಕೊಡುವಂತೆ ಇಟ್ಟಿರುತ್ತಾರೆ, ಪಾತ್ರೆ ಕೊಡುವುದಿಲ್ಲ. ಫೀಡರಿನ ಮೋಟರುಗಳಿಗೆ ಬೇಕಾದ ರಿಯಾಕ್ಟಿವ್ ಪವರ್ ಆಗಲೂ ದೂರದ ಸಬ್‌ಸ್ಟೇಷನ್ನಿನಿಂದಲೇ ಬರಬೇಕು. ಇನ್ವರ್ಟರಿನಿಂದ ಅದನ್ನೂ ಕೊಡಿಸಬಹುದು, ಆದರೆ ಹಾಗೆ ಮಾಡಿ ಅಂತ ಕರಾರಿನಲ್ಲಿ ಬರೆಯಬೇಕು. ಸೋಲಾರ್ ಬಂದರೂ ಮೋಟರು ಅದೇ, ತಂತಿ ಅದೇ, ಕೆಪಾಸಿಟರ್ ಬೇಕೇ ಬೇಕು.

ಹಾಕುವವರಿಗೆ ನಾಲ್ಕು ಮಾತು

ಒಂದು. 3 ಹೆಚ್.ಪಿ.ಗೆ 1, 5 ಹೆಚ್.ಪಿ.ಗೆ 2, 7.5 ಹೆಚ್.ಪಿ.ಗೆ 3, 10 ಹೆಚ್.ಪಿ.ಗೆ 4 ಕೆ.ವಿ.ಎ.ಆರ್. ಇದು ರೂಢಿಯ ಲೆಕ್ಕ. ದೊಡ್ಡದು ಹಾಕಿದರೆ ಇನ್ನೂ ಒಳ್ಳೆಯದು ಅಂತ ಹಾಕಬೇಡಿ. ಅಳತೆ ಮೀರಿದ ಕೆಪಾಸಿಟರ್ ವೋಲ್ಟೇಜನ್ನು ಮಿತಿ ಮೀರಿ ಏರಿಸಿ ಮೋಟರಿಗೇ ಕೇಡು ತರುತ್ತದೆ.

ಎರಡು. ಸ್ಟಾರ್ಟರಿನ ಮೋಟರು ಕಡೆಗೆ ಕಟ್ಟಿಸಿ. ಮೋಟರು ನಿಂತಾಗ ಅದೂ ಲೈನಿನಿಂದ ಬಿಡಬೇಕು. ಐ.ಎಸ್.ಐ. ಗುರುತು ಇರುವುದನ್ನೇ ತನ್ನಿ, ಬಿಲ್ಲು ಇಸಿದುಕೊಳ್ಳಿ. ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ, ಕೂಡಲೇ ಕೈ ಹಾಕಬೇಡಿ. ಕಟ್ಟುವ ಕೆಲಸ ತಿಳಿದವರಿಂದಲೇ ಮಾಡಿಸಿ.

ಮೂರು. ಆರು ತಿಂಗಳಿಗೊಮ್ಮೆ ಟಾಂಗ್ ಟೆಸ್ಟರ್ ಹಿಡಿದು ಅಳೆಸಿ. ಕೆಪಾಸಿಟರ್ ಇದ್ದಾಗ ಲೈನಿನ ಕರೆಂಟು ಎಷ್ಟು, ಬಿಚ್ಚಿದಾಗ ಎಷ್ಟು ಅಂತ ನೋಡಿದರೆ ಅದು ಬದುಕಿದೆಯೋ ಸತ್ತಿದೆಯೋ ಗೊತ್ತಾಗುತ್ತದೆ. "ಇದನ್ನು ಹಾಕಿದರೆ ಮೋಟರಿನ ಯೂನಿಟ್ಟೇ ಅರ್ಧ ಆಗುತ್ತೆ" ಅಂತ ಮಾರುವವನು ಬಂದರೆ ನಂಬಬೇಡಿ. ಮೋಟರು ಮಾಡುವ ಕೆಲಸದ ವಿದ್ಯುತ್ತು ಕಡಿಮೆಯಾಗುವುದಿಲ್ಲ, ತಂತಿಯ ಪೋಲು ಕಡಿಮೆಯಾಗುತ್ತದೆ ಅಷ್ಟೇ.

ನಾಲ್ಕು. ಆಟೋ ಸ್ಟಾರ್ಟರ್ ಇರುವವರು ಕರೆಂಟು ಬಂದ ತಕ್ಷಣ ಎಲ್ಲರೂ ಒಟ್ಟಿಗೆ ಎದ್ದು ಕೂರದ ಹಾಗೆ ಒಬ್ಬೊಬ್ಬರದು ಒಂದೆರಡು ನಿಮಿಷ ಹಿಂದೆ ಮುಂದೆ ಇಟ್ಟುಕೊಳ್ಳಿ. ಶುರುವಾಗುವಾಗ ಮೋಟರು ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹನ್ನೆರಡೂ ಒಟ್ಟಿಗೆ ಎಳೆದರೆ ಯಾವ ಟಿಸಿಯೂ ತಡೆಯುವುದಿಲ್ಲ. ಇದಕ್ಕೆ ದುಡ್ಡು ಬೇಕಾಗಿಲ್ಲ, ಮಾತು ಬೇಕು.

ಕೊನೆಗೆ

ಒಬ್ಬೊಬ್ಬರೇ ಮಾಡಿದರೆ ಇದು ಆಗುವುದಿಲ್ಲ, ಟಿಸಿ ಲೆಕ್ಕದಲ್ಲಿ ಮಾಡಬೇಕು. ಒಂದು ಟಿಸಿಯವರು ಒಂದು ದಿನ ಕೂರಿ. ವೈಂಡಿಂಗಿಗೆ ಕೊಟ್ಟದ್ದನ್ನು ಕೂಡಿ. ಕೆಪಾಸಿಟರ್ ಹಾಕಿ. ಮುಂಚೆ ವೋಲ್ಟೇಜ್ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ಹಿಡಿದು ಸೆಕ್ಷನ್ ಆಫೀಸಿಗೆ ಹೋಗಿ, "ನಮ್ಮ ಪಾಲಿನದು ನಾವು ಮಾಡಿದೆವು, 390ಕ್ಕೆ ಇನ್ನೂ ಇಷ್ಟು ಕಡಿಮೆ ಇದೆ, ಇದು ನಿಮ್ಮ ಪಾಲಿನದು" ಅಂತ ಕೇಳಿ. ಅವರು ಕೇಳದಿದ್ದರೆ 2003ರ ವಿದ್ಯುತ್ ಕಾಯಿದೆಯ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ. ದರ ಏರಿಸುವಾಗ ವಿದ್ಯುತ್ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿಗೆ ಕಾರ್ಖಾನೆಯವರು ವಕೀಲರನ್ನು ಕಳಿಸುತ್ತಾರೆ. ನಾವು ಪುಸ್ತಕ ಹಿಡಿದು ಹೋಗೋಣ.

ಇಷ್ಟು ದಿನ ನಾವು ಕೂಗು ಹಾಕಿದಾಗ ಅವರು "ನಿಮ್ಮದೇ ತಪ್ಪು" ಅಂದು ಬಾಯಿ ಮುಚ್ಚಿಸಿದರು. ಆ ತಪ್ಪು ತಿದ್ದಿಕೊಂಡು ಹೋದರೆ ಅವರ ಹತ್ತಿರ ಹೇಳುವುದಕ್ಕೆ ಏನಿದೆ? ನನ್ನ ಕೈಸಾಲದ ಬಡ್ಡಿ ಇನ್ನೂ ಓಡುತ್ತಿದೆ. ಮುಂದಿನ ಬೇಸಿಗೆಗೆ ಇನ್ನೊಂದು ಸಾಲ ಮಾಡುವ ಮುಂಚೆ ಒಂದು ಡಬ್ಬಿ ತರೋಣ, ಒಂದು ಪುಸ್ತಕ ತರೋಣ. ಮೂವತ್ತು ವೋಲ್ಟು ವಸೂಲಿ ಮಾಡುವುದು ಬಾಕಿ ಇದೆ.